ಬೀಗರಿಗೆ ಕೊಡಲು ಯಾವ ವೈನ್ ತಗೊಳ್ಳಬೇಕು?

ಅಕ್ಕ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ತೋಟದಲ್ಲಿ ಔಷಧಿ ಹೊಡೆಸುವ ಕೆಲಸ ಇತ್ತು, ಈಗ ಬಿಡುವಾಯಿತು. ಮೈಸೂರಿನ ಬೀಗರು ಬ್ಯಾಂಕಿನಿಂದ ರಿಟೈರ್ ಆಗುತ್ತಿದ್ದಾರೆ, ಅವರಿಗೆ ವೈನ್ ಇಷ್ಟ, ನಿಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, 2000 ರೂಪಾಯಿಯೊಳಗೆ ಒಂದು ಒಳ್ಳೆಯ ಬಾಟಲಿ ಬೇಕು ಅಂದಿದ್ದೀರಿ. ನಾವು ಬೆಳೆಯುವ ಬೆಂಗಳೂರು ಬ್ಲೂ ಹಣ್ಣಿನ ವೈನನ್ನೇ ಕೊಟ್ಟರೆ ಹೇಗೆ ಅಂತಲೂ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಮೂರ್ನಾಲ್ಕು ಜನ "ಫಾರಿನ್ ತಗೊಳ್ಳಿ, ಜಾಸ್ತಿ ರೇಟಿನದು ತಗೊಳ್ಳಿ" ಅಂತ ಹೇಳಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ದೊಡ್ಡಬಳ್ಳಾಪುರದ ಕಡೆ ನನ್ನದು ಎರಡು ಎಕರೆ ವೈನ್ ದ್ರಾಕ್ಷಿ ಇದೆ. ಹಣ್ಣೆಲ್ಲ ವೈನರಿಗೇ ಹೋಗುತ್ತದೆ. ಅಲ್ಲಿ ನೋಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಸೊಸೆಗೆ ಒಂದು ಫೋನ್ ಮಾಡಿ. ಅಪ್ಪ ಏನು ಕುಡೀತಾರೆ, ಸಿಹಿ ಇರೋದಾ, ಸಿಹಿ ಇಲ್ಲದ್ದಾ, ಕೆಂಪಾ, ಬಿಳಿಯಾ ಅಂತ ಕೇಳಿ. ಡಾಕ್ಟರು ಈಚೆಗೆ ಬಿಡಿಸಿದ್ದಾರಾ ಅನ್ನುವುದನ್ನೂ ಕೇಳಿಬಿಡಿ. ರಿಟೈರ್ ಆಗುವ ವಯಸ್ಸಿನಲ್ಲಿ ಎಷ್ಟೋ ಜನ ಮಾತ್ರೆಗಳಿಂದಾಗಿ ಪೂರ್ತಿ ನಿಲ್ಲಿಸಿರುತ್ತಾರೆ. ಎರಡು ನಿಮಿಷದ ಮಾತು, ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಸಿಹಿಯ ವಿಷಯ ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ವೈನ್ ಅಂದರೆ ಬಹಳ ಜನರಿಗೆ ಪೋರ್ಟ್ ವೈನ್. ಬಾಯಿಗೆ ಶರಬತ್ತಿನ ಹಾಗೆ ಸಿಹಿ. ನಿಜವಾದ ಪೋರ್ಟ್ ಪೋರ್ಚುಗಲ್‌ನ ಡೌರೊ ಕಣಿವೆಯದು. ರಸ ಹುದುಗುತ್ತಿರುವಾಗಲೇ ದ್ರಾಕ್ಷಿಯ ಸಾರಾಯಿ ಸೇರಿಸಿ ಹುದುಗು ನಿಲ್ಲಿಸುತ್ತಾರೆ, ಅದಕ್ಕೇ ಸಿಹಿ ಉಳಿಯುತ್ತದೆ. ನಮ್ಮಲ್ಲಿ ಆ ಹೆಸರು ಅಗ್ಗದ ಸಿಹಿ ವೈನಿಗೆ ಅಂಟಿಕೊಂಡಿದೆ. ಈ ರುಚಿ ರೂಢಿಯಾದವರಿಗೆ ಕ್ಯಾಬರ್ನೆ ಸಾವಿನ್ಯೋನ್ ಅನ್ನುವ ಸಿಹಿಯಿಲ್ಲದ ಕೆಂಪು ವೈನ್ ಕೊಟ್ಟರೆ ಮೊದಲ ಗುಟುಕಿಗೇ ಒಗರು ಅಂತ ಮುಖ ಕಿವುಚುತ್ತಾರೆ. ಡ್ರೈ ರೆಡ್, ಅಂದರೆ ಸಿಹಿಯಿಲ್ಲದ ಕೆಂಪು ವೈನ್ ಕುಡಿಯುವವರಿಗೆ ಸಿಹಿ ಬಾಟಲಿ ಕೊಟ್ಟರೆ ಅದು ಕೇಕಿಗೆ ಹಾಕಲು ಹೋಗುತ್ತದೆ. ಎರಡೂ ಕಡೆ ನಿಮ್ಮ ದುಡ್ಡು ದಂಡ.

ಬೆಂಗಳೂರು ಬ್ಲೂ ಪ್ರಶ್ನೆಗೂ ಇದೇ ಉತ್ತರ. ನಮ್ಮ ಹಣ್ಣಿಗೆ ಜಿಐ, ಅಂದರೆ ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದರ ಹೆಮ್ಮೆ ನನಗೂ ಇದೆ. ಆದರೆ ಅದು ಲಬ್ರಸ್ಕಾ ಜಾತಿಯ ಬಳ್ಳಿ. ಹಣ್ಣು ಬಾಯಿಗೆ ಹಾಕಿದ ಕೂಡಲೇ ಮೂಗಿಗೆ ಹತ್ತುವ ಘಮ ಇದೆಯಲ್ಲ, ಜ್ಯೂಸು, ಜಾಮಿಗೆ ಅದು ಚಿನ್ನ. ವೈನ್ ಮಾಡಿದರೂ ಆ ಘಮ ಹೋಗುವುದಿಲ್ಲ. ಹಾಗಾಗಿ ಅದು ಹೆಚ್ಚಾಗಿ ಸಿಹಿ ವೈನಿಗೇ ಹೋಗುತ್ತದೆ. ನಾನು ಬೆಳೆಯುವ ಶಿರಾಜ್ ಅನ್ನುವ ವೈನ್ ದ್ರಾಕ್ಷಿಯ ಗೊಂಚಲು ನೋಡಿದರೆ ನೀವು ಇದೇನು ಇಷ್ಟು ಚಿಕ್ಕದು ಅಂತೀರಿ. ಕಾಳು ಸಣ್ಣ, ಒಳಗೆ ಬೀಜ, ರಸ ಕಡಿಮೆ. ಬ್ರಿಕ್ಸ್, ಅಂದರೆ ರಸದ ಸಕ್ಕರೆಯ ಅಳತೆ, 23ರ ಹತ್ತಿರ ಬರುವ ತನಕ ಕೀಳುವುದಿಲ್ಲ. ಬಣ್ಣ ಸಿಪ್ಪೆಯಿಂದ, ಒಗರು ಸಿಪ್ಪೆ ಮತ್ತು ಬೀಜದಿಂದ ಬರಬೇಕು. ಬೀಗರಿಗೆ ಸಿಹಿ ಇಷ್ಟ ಅಂತ ಸೊಸೆ ಹೇಳಿದರೆ ಬೆಂಗಳೂರು ಬ್ಲೂ ವೈನ್ ಧಾರಾಳವಾಗಿ ಕೊಡಿ. ಇಲ್ಲದಿದ್ದರೆ ಬೇಡ.

ಇನ್ನು ಫಾರಿನ್ ವಿಷಯ. ಆಮದು ವೈನ್ ಮೇಲೆ ಕಸ್ಟಮ್ಸ್ ಸುಂಕವೇ ಬಹುಕಾಲ ಶೇ 150 ಇತ್ತು. 2022ರ ಕೊನೆಯಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಆಸ್ಟ್ರೇಲಿಯಾದ ವೈನಿಗೆ ಸ್ವಲ್ಪ ಇಳಿಯಿತು. ಅದರ ಮೇಲೆ ನಮ್ಮ ರಾಜ್ಯದ ತೆರಿಗೆ ಬೇರೆ. ಅಂದರೆ ಇಲ್ಲಿ 2000ಕ್ಕೆ ಸಿಗುವ ಹೊರದೇಶದ ಬಾಟಲಿ ಅಲ್ಲಿನವರು ದಿನಾ ಊಟಕ್ಕೆ ಇಟ್ಟುಕೊಳ್ಳುವ ಸಾಧಾರಣ ವೈನ್. ಅದೇ ದುಡ್ಡಿಗೆ ನಮ್ಮ ದೇಶದ ವೈನರಿಯವರು ಮನಸ್ಸಿಟ್ಟು ಮಾಡಿದ ಮೇಲಿನ ದರ್ಜೆಯದೇ ಸಿಗುತ್ತದೆ.

ಬೀಗರು ಡ್ರೈ ರೆಡ್ ಕುಡಿಯುವವರಾದರೆ ನನ್ನ ಮೊದಲ ಆಯ್ಕೆ ಗ್ರೋವರ್ ವೈನರಿಯವರ ಲಾ ರಿಸರ್ವ್. ಕ್ಯಾಬರ್ನೆ ಮತ್ತು ಶಿರಾಜ್ ಸೇರಿಸಿ ಓಕ್ ಪೀಪಾಯಿಯಲ್ಲಿ ಇಟ್ಟು ಮಾಡಿದ್ದು. 1988ರಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ ಶುರುವಾದ ತೋಟ ಅವರದು. ಹಗಲು ಬಿಸಿಲು, ರಾತ್ರಿ ತಂಪು, ಹಣ್ಣಿನ ಹುಳಿ ಉಳಿಯುವುದೇ ಆ ತಂಪಿನಿಂದ. ಸೂಲಾ ವೈನರಿಯವರ ದಿಂಡೋರಿ ರಿಸರ್ವ್ ಶಿರಾಜ್ ಕೂಡ ಒಳ್ಳೆಯದು, ನಾಸಿಕ್ ಕಡೆಯದು. ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲಿ ವೈನರಿಯವರ ಸಾಂಜೊವೇಸೆ ರೆಡ್ ಸ್ವಲ್ಪ ಹಗುರ, ಹುಳಿ ಮುಂದೆ ಬರುತ್ತದೆ. ಹಂಪಿ ಹಿಲ್ಸ್‌ನ ಕೃಷ್ಮಾ ವೈನರಿಯದು ಸಿಕ್ಕರೆ ಅದ್ಭುತ, ಆದರೆ ಬಜೆಟ್ ದಾಟಬಹುದು.

ನೀವು ಒಂದು ಮಾತು ಬರೆದಿದ್ದೀರಿ, ಸಮಾರಂಭದ ಊಟಕ್ಕೆ ನಾಟಿಕೋಳಿ ಸಾರು, ಮುದ್ದೆ, ಮಟನ್ ಚಾಪ್ಸ್ ಅಂತ. ಬಾಟಲಿಯನ್ನು ಅವತ್ತೇ ತೆರೆಯುವ ಹಾಗಿದ್ದರೆ ಒಗರಿನ ರೆಡ್ ಬೇಡ. ಒಗರು ಮತ್ತು ಆಲ್ಕೋಹಾಲ್ ಎರಡೂ ಸೇರಿ ಖಾರವನ್ನು ಇನ್ನೂ ಏರಿಸುತ್ತವೆ, ಬಾಯಿ ಉರಿಯುತ್ತದೆ. ಖಾರದ ಸಾರಿಗೆ ಸೂಲಾದವರ ಶೆನಿನ್ ಬ್ಲಾಂಕ್ ಹೊಂದುತ್ತದೆ. ಬಿಳಿ ವೈನ್, ಸಣ್ಣಗೆ ಸಿಹಿ ಇದೆ, ತಣ್ಣಗೆ ಕೊಟ್ಟರೆ ಖಾರ ತಗ್ಗುತ್ತದೆ. ಅದು ಅಗ್ಗ. ಹಾಗಾಗಿ ಇದೊಂದು, ರೆಡ್ ಒಂದು, ಎರಡನ್ನೂ ಕೊಡಲು ದುಡ್ಡು ಸಾಕಾದೀತು, ಬೆಲೆ ಒಮ್ಮೆ ನೋಡಿಕೊಳ್ಳಿ. ಹತ್ತು ಜನ ಸೇರಿ ಗ್ಲಾಸ್ ಎತ್ತುವುದಾದರೆ ಶಾಂಡನ್ ಅಥವಾ ಸೂಲಾ ಬ್ರೂಟ್ ತರಹದ ನೊರೆ ವೈನ್ ಚೆಂದ. 750 ಎಂಎಲ್ ಬಾಟಲಿಯಲ್ಲಿ ಐದು ಗ್ಲಾಸ್ ಲೆಕ್ಕ ಇಟ್ಟುಕೊಳ್ಳಿ.

ಯಾವ ಹೆಸರು ಅನ್ನುವುದಕ್ಕಿಂತ ಬಾಟಲಿಯನ್ನು ಹೇಗೆ ಇಟ್ಟಿದ್ದರು ಅನ್ನುವುದು ನನಗೆ ಮುಖ್ಯ. ಕೆಲವು ವರ್ಷದ ಹಿಂದೆ ಬಳ್ಳಾರಿಯಲ್ಲಿರುವ ಭಾವನಿಗೆ ಅಂತ ಒಂದು ಒಳ್ಳೆಯ ರೆಡ್ ತಗೊಂಡು ಹೊರಟೆ. ಏಪ್ರಿಲ್ ತಿಂಗಳು. ಚಿತ್ರದುರ್ಗದಲ್ಲಿ ಊಟಕ್ಕೆ ನಿಲ್ಲಿಸಿದೆ, ಕೋಟೆ ನೋಡೋಣ ಅಂತ ಮಕ್ಕಳು ಹಟ ಮಾಡಿದರು. ಮೂರು ಗಂಟೆ ಬಾಟಲಿ ಕಾರಿನ ಡಿಕ್ಕಿಯಲ್ಲಿ. ರಾತ್ರಿ ಭಾವ ಕೈಗೆ ತಗೊಂಡಾಗ ಕತ್ತಿನ ಹತ್ತಿರ ಅಂಟು ಅಂಟು. ಕಾರ್ಕ್ ಒಂದು ಕಡ್ಡಿಯಷ್ಟು ಮೇಲೆ ಬಂದಿತ್ತು. ಸುರಿದರೆ ಒಣದ್ರಾಕ್ಷಿ ಬೇಯಿಸಿದ ವಾಸನೆ. ಭಾವ ಏನೂ ಅನ್ನದೆ ಕುಡಿದರು. ನನಗೆ ಗೊತ್ತಾಗುತ್ತಿತ್ತು, ಆ ಹಣ್ಣು ಬೆಳೆಸಿದವರ ವರ್ಷದ ಕೆಲಸ ಡಿಕ್ಕಿಯಲ್ಲಿ ಬೆಂದು ಹೋಗಿತ್ತು.

ಅದಕ್ಕೇ ಅಂಗಡಿಯಲ್ಲಿ ಹೀಗೆ ನೋಡಿ. ಏಸಿ ಇರುವ, ವೈನ್ ಜಾಸ್ತಿ ಮಾರಾಟ ಆಗುವ ಅಂಗಡಿಗೇ ಹೋಗಿ. ಬಿಸಿಲು ಬೀಳುವ ಗಾಜಿನ ಪಕ್ಕ ನಿಲ್ಲಿಸಿದ ಬಾಟಲಿ ಬೇಡವೇ ಬೇಡ. ಕತ್ತಿನ ಮೇಲಿನ ಕವರಿನ ಸುತ್ತ ಬೆರಳಾಡಿಸಿ. ಅಂಟಿದ್ದರೆ, ಕಾರ್ಕ್ ಉಬ್ಬಿದ್ದರೆ ವಾಪಸ್ ಇಡಿ. ಒಂದೇ ವೈನಿನ ನಾಲ್ಕು ಬಾಟಲಿ ಪಕ್ಕಪಕ್ಕ ಹಿಡಿದು ನೋಡಿ, ಒಂದರಲ್ಲಿ ಮಟ್ಟ ಕೆಳಗಿದ್ದರೆ ಅದನ್ನು ಬಿಡಿ. ಲೇಬಲ್ ಮೇಲಿನ ವರ್ಷ ಹಣ್ಣು ಕಿತ್ತ ವರ್ಷ. ಬಿಳಿ ವೈನಾದರೆ ಹೋದ ವರ್ಷದ್ದು, ಅದರ ಹಿಂದಿನದು ಸಾಕು, ಅದಕ್ಕಿಂತ ಹಳೆಯದು ಬೇಡ. ಈ ಬೆಲೆಯ ರೆಡ್ ಮೂರ್ನಾಲ್ಕು ವರ್ಷದ್ದಾದರೂ ನಡೆಯುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳ ನೋಡಿ ಅಗ್ಗದ್ದು ಅಂದುಕೊಳ್ಳಬೇಡಿ. ಒಳ್ಳೆಯ ವೈನಿಗೂ ಅದನ್ನೇ ಹಾಕುತ್ತಾರೆ, ಕಾರ್ಕ್ ತೆಗೆಯುವ ತಿರುಪು ಹುಡುಕುವ ಗೋಳೂ ಇರುವುದಿಲ್ಲ. ಕಾರ್ಕಿನದು ತಗೊಂಡರೆ ತಿರುಪನ್ನೂ ಜೊತೆಗೆ ಕೊಡಿ.

ಮೈಸೂರಿಗೆ ಬಸ್ಸಾಗಲಿ ಕಾರಾಗಲಿ, ಬಾಟಲಿ ನಿಮ್ಮ ಕಾಲ ಹತ್ತಿರವೇ ಇರಲಿ. ಒದ್ದೆ ಬಟ್ಟೆ, ಅದರ ಮೇಲೆ ನಾಲ್ಕು ಮಡಿಕೆ ಪೇಪರ್ ಸುತ್ತಿದರೆ ಸಾಕು. ಲೇಬಲ್ ನೆನೆಯದ ಹಾಗೆ ಮೊದಲು ಒಂದು ಪ್ಲಾಸ್ಟಿಕ್ ಕವರ್ ಹಾಕಿ.

ಕೊಡುವ ರೀತಿಯ ಬಗ್ಗೆಯೂ ಹೇಳಬೇಕು. ಬೀಗರ ಮನೆಯಲ್ಲಿ ಹಿರಿಯರಿರುತ್ತಾರೆ, ಫಲತಾಂಬೂಲದ ತಟ್ಟೆಯಲ್ಲಿ ಇದನ್ನು ಇಡಬೇಡಿ. ಬಟ್ಟೆಯ ಚೀಲದಲ್ಲಿ ಹಾಕಿ, ಊಟ ಆದ ಮೇಲೆ ನಿಮ್ಮ ಯಜಮಾನರು ಬೀಗರ ಕೈಗೆ ಕೊಡಲಿ. ಕೊಡುವಾಗ "ಇದು ಇಟ್ಟು ಹಳೆಯದಾಗಿಸುವ ವೈನಲ್ಲ, ಈ ವರ್ಷವೇ ಕುಡಿಯಿರಿ" ಅಂತ ಹೇಳಲಿ. ನಮ್ಮವರು ಒಳ್ಳೆಯ ಬಾಟಲಿ ಸಿಕ್ಕರೆ ನಡುಮನೆಯ ಶೋಕೇಸಿನಲ್ಲಿ ಲೈಟಿನ ಕೆಳಗೆ ನಿಲ್ಲಿಸಿಬಿಡುತ್ತಾರೆ. ಇಲ್ಲವೇ ಫ್ರಿಜ್ಜಿನ ಮೇಲೆ, ಅಲ್ಲಿ ಇನ್ನೂ ಬಿಸಿ. ಬೀರುವಿನ ಕೆಳಗಿನ ಖಾನೆಯಲ್ಲಿ ಮಲಗಿಸಿ ಇಡುವುದು ಒಳ್ಳೆಯದು. ಕುಡಿಯುವ ಮುಂಚೆ ರೆಡ್ಡನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಬೇಕು, ನಮ್ಮ ಸೆಕೆಗೆ ಅದು ಬೇಕೇ ಬೇಕು. ತೆರೆದ ಮೇಲೆ ಉಳಿದರೆ ಮುಚ್ಚಿ ಫ್ರಿಜ್ಜಿಗೆ, ಮೂರು ದಿನದೊಳಗೆ ಮುಗಿಸಬೇಕು.

ಹೋದ ವಾರ ನೀವು ಹಾಕಿದ ಫೋಟೊದಲ್ಲಿ ಹಣ್ಣು ಕಪ್ಪಾಗಿ ನಿಂತಿತ್ತು. ಹೊರಡುವ ದಿನ ಬೆಳಗಿನ ತಂಪಿನಲ್ಲಿ ಎರಡು ಕೆಜಿ ಕೊಯ್ದು, ಹಣ್ಣಿನ ಮೇಲಿನ ಬೂದಿ ಬಣ್ಣದ ಪುಡಿ ಉಜ್ಜಿ ಹೋಗದ ಹಾಗೆ ತೊಟ್ಟು ಹಿಡಿದು ಬುಟ್ಟಿಗೆ ಇಡಿ. ಬಾಟಲಿ ಬೀಗರಿಗೆ, ಬುಟ್ಟಿ ಮನೆಯವರೆಲ್ಲರಿಗೆ. ಅಂಗಡಿಗೆ ಹೋದಾಗ ಏನಾದರೂ ಅನುಮಾನ ಬಂದರೆ ಲೇಬಲ್ಲಿನ ಎರಡೂ ಕಡೆ ಫೋಟೊ ಹಾಕಿ. ಸಂಜೆ ಆರರ ಮೇಲೆ ಫೋನ್ ನನ್ನ ಕೈಯಲ್ಲೇ ಇರುತ್ತದೆ.