ಬಳಸಿದ್ದು 40 ಜಿಬಿ, ಡಿಸ್ಕ್ ಇಮೇಜ್ ಮಾತ್ರ 256 ಜಿಬಿ!

ಪ್ರಶ್ನೆ: ನನ್ನ ಲಿನಕ್ಸ್ ಕಂಪ್ಯೂಟರಿನ 256 ಜಿಬಿ ಡಿಸ್ಕನ್ನು ಡಿಡಿ ಕಮಾಂಡ್ ಬಳಸಿ ಇಮೇಜ್ (ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲ್) ಮಾಡಿಟ್ಟಿದ್ದೇನೆ. ಅದರಲ್ಲಿ ಬಳಸಿದ್ದು ಬರೀ 40 ಜಿಬಿ. ಆದರೂ ಇಮೇಜ್ ಪೂರ್ತಿ 256 ಜಿಬಿ ಆಗಿದೆ. ಜಿಜಿಪ್‌ನಿಂದ ಒತ್ತಿ ಕುಗ್ಗಿಸಿದರೂ ಅಷ್ಟೇನೂ ಇಳಿಯಲಿಲ್ಲ. ಚಿಕ್ಕದು ಮಾಡುವುದು ಹೇಗೆ? ಒಂದೇ ಒಂದು ಫೈಲ್ ಬೇಕೆಂದರೂ ಇಡೀ ಇಮೇಜನ್ನು ಡಿಸ್ಕಿಗೆ ಬರೆಯಬೇಕಾ?

ಉತ್ತರ: ಎರಡನೆಯದು ಸುಲಭ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬರೆಯಬೇಕಾಗಿಲ್ಲ. ಇಮೇಜ್ ಫೈಲನ್ನು ಡಿಸ್ಕಿನಂತೆ ತೋರಿಸುವ ಲೋಸೆಟಪ್ ಕಮಾಂಡಿಗೆ ಫೈಂಡ್, ಶೋ, ಪಾರ್ಟ್‌ಸ್ಕ್ಯಾನ್, ರೀಡ್-ಓನ್ಲಿ ಎಂಬ ನಾಲ್ಕು ಆಯ್ಕೆಗಳನ್ನು ಕೊಟ್ಟು ಇಮೇಜ್ ಫೈಲಿನ ಹೆಸರು ಬರೆಯಿರಿ. ಒಳಗಿನ ಪಾರ್ಟಿಷನ್‌ಗಳು ನಿಜವಾದ ಡಿಸ್ಕಿನವುಗಳಂತೆಯೇ ಕಾಣಿಸುತ್ತವೆ. ಬೇಕಾದದ್ದನ್ನು ಮೌಂಟ್ ಮಾಡಿ (ಒಂದು ಫೋಲ್ಡರಿಗೆ ಜೋಡಿಸಿ) ಫೈಲ್ ತೆಗೆದುಕೊಳ್ಳಿ. ಸಿಸ್ಟಮ್ ಓಡುತ್ತಿರುವಾಗಲೇ ಇಮೇಜ್ ತೆಗೆದಿದ್ದರೆ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮೌಂಟ್ ಆಗಲು ತಕರಾರು ಮಾಡಬಹುದು. ಅದರ ಜರ್ನಲ್ (ಬದಲಾವಣೆಗಳ ದಾಖಲೆ) ಅರ್ಧಕ್ಕೇ ನಿಂತಿರುತ್ತದೆ, ಅಲ್ವಾ? ಆಗ ಮೌಂಟ್ ಕಮಾಂಡಿಗೆ, ಜರ್ನಲನ್ನು ಮುಟ್ಟದೆ ಬಿಡುವ ನೋಲೋಡ್ ಆಯ್ಕೆ ಸೇರಿಸಿ. ಮುಂದಿನ ಸಲ ಮಾತ್ರ ದಯವಿಟ್ಟು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿಯೇ ಇಮೇಜ್ ತೆಗೆಯಿರಿ. ಓಡುತ್ತಿರುವ ಡಿಸ್ಕಿನ ಇಮೇಜನ್ನು ನಂಬಿ ಕೂರಬೇಡಿ.

ಈಗ ಗಾತ್ರದ ವಿಷಯ. ಡಿಡಿಗೆ ಫೈಲ್ ಅಂದರೇನು ಅಂತ ಗೊತ್ತೇ ಇಲ್ಲ. ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಸುಮ್ನೆ ನಕಲು ಮಾಡುತ್ತಾ ಹೋಗುತ್ತದೆ. ನೀವು ಎಂದೋ ಅಳಿಸಿದ ಫೈಲುಗಳ ಡೇಟಾ ಆ 'ಖಾಲಿ' ಜಾಗದಲ್ಲಿ ಉಳಿದಿದ್ದರೆ ಅದೂ ಇಮೇಜಿನೊಳಗೆ ಬಂತು. ಜಿಜಿಪ್ ಸೋತದ್ದು ಬಹುಶಃ ಇದಕ್ಕೇ. ಸೊನ್ನೆಗಳನ್ನು ಅದು ಚೆನ್ನಾಗಿ ಒತ್ತುತ್ತದೆ, ಹಳೆಯ ವಿಡಿಯೊಗಳ ಅವಶೇಷವನ್ನಲ್ಲ. ಇಂಥ ಇಮೇಜನ್ನು ಬೇರೆಯವರ ಕೈಗೆ ಕೊಡುವ ಮುಂಚೆಯೂ ಇದು ನೆನಪಿರಲಿ.

ನನಗೆ ಇಷ್ಟವಾದ ದಾರಿ ಎಫ್‌ಸ್ಟ್ರಿಮ್. ರೀಡ್-ಓನ್ಲಿ ಇಲ್ಲದೆ ಇಮೇಜನ್ನು ಮತ್ತೆ ಲೋಸೆಟಪ್ ಮಾಡಿ, ಪಾರ್ಟಿಷನ್ ಮೌಂಟ್ ಮಾಡಿ, ಆ ಜಾಗದ ಮೇಲೆ ಎಫ್‌ಸ್ಟ್ರಿಮ್ ಓಡಿಸಿ. ಫೈಲ್ ಸಿಸ್ಟಮ್ ತಾನು ಬಳಸದ ಬ್ಲಾಕ್‌ಗಳು ಯಾವುವು ಎಂದು ಹೇಳುತ್ತದೆ. ಲೂಪ್ ಡಿವೈಸ್ (ಲೋಸೆಟಪ್ ತೋರಿಸುವ ಆ ಡಿಸ್ಕ್) ಇಮೇಜ್ ಫೈಲಿನಲ್ಲಿ ಅಷ್ಟು ಜಾಗವನ್ನು ತೂತು ಮಾಡಿ ಬಿಟ್ಟುಕೊಡುತ್ತದೆ. ಇಮೇಜ್ ಇಟ್ಟಿರುವ ಡಿಸ್ಕ್ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥದ್ದಾಗಿದ್ದರೆ ಇದು ನಡೆಯುತ್ತದೆ. ಆಮೇಲೆ ಎಲ್‌ಎಸ್ ಹಾಕಿ ನೋಡಿದರೆ 256 ಜಿಬಿಯೇ ಕಾಣಿಸುತ್ತದೆ, ಗಾಬರಿಯಾಗಬೇಡಿ. ನಿಜವಾಗಿ ಹಿಡಿದಿರುವ ಜಾಗವನ್ನು ಡಿಯು ತೋರಿಸುತ್ತದೆ. ಆರ್‌ಸಿಂಕ್‌ನಲ್ಲಿ ನಕಲು ಮಾಡುವಾಗ ಸ್ಪಾರ್ಸ್ ಆಯ್ಕೆ ಮರೆತರೆ ತೂತೆಲ್ಲ ಮತ್ತೆ ತುಂಬಿಕೊಳ್ಳುತ್ತದೆ.

ಒಂದೇ ಅಡಕವಾದ ಫೈಲ್ ಬೇಕಿದ್ದರೆ, ಮೊದಲು ಅನ್‌ಮೌಂಟ್ ಮಾಡಿ ಲೂಪ್ ಬಿಡಿಸಿ. ನಂತರ ಕ್ಯೂಇಎಂಯು-ಐಎಂಜಿ ಟೂಲಿನ ಕನ್ವರ್ಟ್ ಬಳಸಿ ಕ್ಯೂಕೌ2 ಎಂಬ ಡಿಸ್ಕ್ ಇಮೇಜ್ ರೂಪಕ್ಕೆ ಬದಲಿಸಿ. ಹೊಸ ಫೈಲನ್ನು ಅದೇ ಟೂಲಿನ ಕಂಪೇರ್ ಕಮಾಂಡಿನಿಂದ ಹೋಲಿಸಿ ನೋಡುವ ತನಕ ಹಳೆಯದನ್ನು ಅಳಿಸಬೇಡಿ.

ಮುಂದೆ ಡಿಸ್ಕಿಗೆ ವಾಪಸ್ ಬರೆಯುವ ದಿನ ಬಂದರೆ, ಯಾವ ಡಿಸ್ಕ್ ಎಂಬುದನ್ನು ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆಯಲ್ಲಿ ಮಾಡೆಲ್ ಮತ್ತು ಬೈಟ್ ಲೆಕ್ಕದ ಗಾತ್ರ ನೋಡಿಯೇ ಖಚಿತ ಮಾಡಿಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಹೊರಗೆ 256 ಜಿಬಿ ಎಂದು ಬರೆದ ಎರಡು ಡಿಸ್ಕ್‌ಗಳ ನಿಜವಾದ ಗಾತ್ರವೂ ಒಂದೇ ಇರಬೇಕೆಂದಿಲ್ಲ. ಹೊಸ ಡಿಸ್ಕ್ ಸ್ವಲ್ಪ ಚಿಕ್ಕದಾದರೂ ಇಮೇಜಿನ ಕೊನೆಯ ಭಾಗ ಹಿಡಿಸುವುದಿಲ್ಲ. ಜಿಪಿಟಿ ಪಾರ್ಟಿಷನ್ ಟೇಬಲಿನ (ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿಯ) ಬ್ಯಾಕಪ್ ಇರುವುದು ಅಲ್ಲೇ. ಹೊಸದು ದೊಡ್ಡದಾಗಿದ್ದರೆ ಆ ಬ್ಯಾಕಪ್ ನಡುವೆ ಉಳಿದುಬಿಡುತ್ತದೆ. ಎಸ್‌ಜಿಡಿಸ್ಕ್ ಕಮಾಂಡಿಗೆ ಚಿಕ್ಕಕ್ಷರದ ಇ ಆಯ್ಕೆ ಕೊಟ್ಟರೆ ಅದು ಡಿಸ್ಕಿನ ತುದಿಗೆ ಹೋಗುತ್ತದೆ.