ಹೆಸರು ಬದಲಾದರೂ ಹೆಬ್ಬೆಟ್ಟು ಬದಲಾಗದು

ಯುದ್ಧಕಾಲದ ಕಥೆ, ಕಾದಂಬರಿ ಬರೆಯುತ್ತಿರುವ ಓದುಗರ ಸಂದೇಹಗಳಿಗೆ ಈ ಸಂಚಿಕೆಯ ಪುಟ ಮೀಸಲು. ಬಂದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆ, ಚಿತ್ರದುರ್ಗದ ಕಡೆಯವು. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ನನ್ನ ಕಾದಂಬರಿಯ ಕೊಟ್ರೇಶಿ ದಾವಣಗೆರೆಯ ಹುಡುಗ. 1941ರಲ್ಲಿ ಪಲ್ಟನ್ನು ಸೇರಿ ಸಿಂಗಪುರದಲ್ಲಿ ಸಾಯುತ್ತಾನೆ. ಅವನ ಜೊತೆಗಿದ್ದ ಹಿರಿಯೂರು ಕಡೆಯ ಅನಾಥ ಹುಡುಗ 1946ರಲ್ಲಿ ಕೊಟ್ರೇಶಿಯ ಹೆಸರು ಹೇಳಿಕೊಂಡು ದಾವಣಗೆರೆಗೆ ಬಂದು, ಅವನ ಪೆನ್ಶನ್ನನ್ನೇ ತಗೊಂಡು ಬದುಕುತ್ತಾನೆ. ನಂಬುವ ಹಾಗಿದೆಯೇ? ಆ ಕಾಲದಲ್ಲಿ ಹೆಬ್ಬೆಟ್ಟನ್ನೆಲ್ಲ ಯಾರು ನೋಡುತ್ತಿದ್ದರು?
— ವಿದ್ಯಾನಗರ, ದಾವಣಗೆರೆ

ಉತ್ತರ: ನೋಡುತ್ತಿದ್ದರು. ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾದದ್ದೇ 1897ರಲ್ಲಿ. ಸಿಪಾಯಿಯ ಹೆಸರು, ಊರು, ತಂದೆಯ ಹೆಸರು, ಎತ್ತರ, ಮೈಮೇಲಿನ ಗುರುತು ಎಲ್ಲವೂ ದಾಖಲೆಯಲ್ಲಿರುತ್ತಿದ್ದವು. ಹೆಸರನ್ನು ಕದಿಯಬಹುದು, ಎಡಹುಬ್ಬಿನ ಮೇಲಿನ ಗಾಯದ ಕಲೆಯನ್ನು ಕದಿಯಲಾಗದು.

ಅದಕ್ಕಿಂತ ದೊಡ್ಡ ತೊಡಕು ಪೆನ್ಶನ್ನಿನದು. ಯುದ್ಧಕ್ಕೆಂದು ಸೇರಿ ನಾಲ್ಕೈದು ವರ್ಷಕ್ಕೆ ಬಿಡುಗಡೆಯಾದವನಿಗೆ ಸೇವಾ ಪಿಂಚಣಿ ಬರುತ್ತಿರಲಿಲ್ಲ. ಪಿಂಚಣಿ ಬರುವುದಿದ್ದರೆ ಸತ್ತ ಕೊಟ್ರೇಶಿಯ ಮನೆಯವರಿಗೆ, ಕುಟುಂಬ ಪಿಂಚಣಿಯಾಗಿ. ನಿಮ್ಮ ಕಥೆಯ ಗಂಟು ನಿಜವಾಗಿ ಬಿಗಿಯುವುದು ಇಲ್ಲಿ. ಮಗ ಸತ್ತನೆಂದು ತಾಯಿ ತಾಲ್ಲೂಕು ಖಜಾನೆಯಲ್ಲಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುತ್ತಿದ್ದಾಳೆ. ಮನೆಗೆ ಬಂದರೆ ಅದೇ ‘ಮಗ’ ಹಿತ್ತಿಲಲ್ಲಿ ನೀರು ಸೇದುತ್ತಿದ್ದಾನೆ. ಬಂದವನನ್ನು ಮಗನೆಂದು ಒಪ್ಪಿ ಊರಿಗೆ ಹೇಳಿದರೆ ಪಿಂಚಣಿ ನಿಲ್ಲುತ್ತದೆ, ಹೇಳದಿದ್ದರೆ ಸರ್ಕಾರಕ್ಕೆ ಸುಳ್ಳು ಹೇಳಿದಂತೆ. ಅವಳು ಏನು ಮಾಡುತ್ತಾಳೆ ಎಂಬುದಕ್ಕೇ ನೂರು ಪುಟ ಕೊಡಬಹುದು.

ಕೊಟ್ರೇಶಿಯ ಗುರುತು ಇನ್ನೊಬ್ಬನ ಕೈಸೇರುವ ಗಳಿಗೆಗೆ ಇತಿಹಾಸ ತಾನಾಗಿ ಜಾಗ ಮಾಡಿಕೊಟ್ಟಿದೆ. ಮೈಸೂರು ಸಂಸ್ಥಾನದ ಒಂದನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. 17ರಂದು ಫ್ಯಾರರ್ ಪಾರ್ಕಿನಲ್ಲಿ ಭಾರತೀಯ ಸಿಪಾಯಿಗಳನ್ನು ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಜಪಾನಿಯರ ವಶಕ್ಕೆ ಕೊಟ್ಟರು. ಮುಖ ಗುರುತಿದ್ದ ಸಾಹೇಬ ಒಂದು ಕಡೆ, ಸಿಪಾಯಿ ಇನ್ನೊಂದು ಕಡೆ. ಆ ಮೂರು ದಿನ ನಿಮ್ಮವು.

ಬ್ರಿಟಿಷ್ ಮಾದರಿಯಲ್ಲಿ ಕೊರಳಿಗೆ ಎರಡು ಬಿಲ್ಲೆ ಇರುತ್ತಿದ್ದವು, ಎರಡೂ ಲೋಹದವಲ್ಲ, ಗಟ್ಟಿ ನಾರಿನವು. ಎಂಟು ಮೂಲೆಯ ಹಸಿರು ಬಿಲ್ಲೆ ಹೆಣದ ಜೊತೆ ಉಳಿಯಬೇಕು, ದುಂಡನೆಯ ಕೆಂಪು ಬಿಲ್ಲೆಯನ್ನು ಕತ್ತರಿಸಿ ವರದಿಗೆ ಒಯ್ಯಬೇಕು. ನಿಮ್ಮ ಕರಡಿನಲ್ಲಿ ಹುಡುಗ ಎರಡನ್ನೂ ಬಿಚ್ಚಿಕೊಳ್ಳುತ್ತಾನೆ. ಕೆಂಪನ್ನು ಮಾತ್ರ ಒಯ್ಯಲಿ. ಹಸಿರು ಕೊಟ್ರೇಶಿಯ ಎದೆಯ ಮೇಲೆ ಉಳಿದರೆ ನಲವತ್ತು ವರ್ಷದ ಮೇಲೆ ಯಾರಿಗಾದರೂ ಸಿಕ್ಕೀತು.

ಇನ್ನು ಪಲ್ಟನ್ನಿನಲ್ಲೇ ಹೆಸರು ಬದಲಿಸಿಕೊಂಡ ಎಂದು ಬರೆದಿದ್ದೀರಿ. ಅದು ನಿಲ್ಲದು. ಯುದ್ಧ ಮುಗಿದ ಮೇಲೆ ಹಿಂದಿರುಗಿದವರನ್ನು ಕೂರಿಸಿ ವಿಚಾರಣೆ ಮಾಡಿದ್ದಾರೆ. ಆಜಾದ್ ಹಿಂದ್ ಫೌಜಿನ ನಂಟು ಎಷ್ಟಿತ್ತೆಂದು ನೋಡಿ ಬಿಳಿ, ಬೂದು, ಕಪ್ಪು ಎಂದು ಮೂರು ಗುಂಪು ಮಾಡಿದ್ದಾರೆ. ಕಪ್ಪು ಪಟ್ಟಿಯವರನ್ನು ನೌಕರಿಯಿಂದ ವಜಾ ಮಾಡಿದ್ದಾರೆ. ಅದೇ ಕಂಪನಿಯ ಇನ್ನೊಬ್ಬ ಪಕ್ಕದಲ್ಲಿ ಕೂತಿದ್ದರೆ ಆಟ ಅಲ್ಲಿಗೇ ಮುಗಿಯಿತು. ಅವನು ಸೈನ್ಯದ ಮಟ್ಟಿಗೆ ತನ್ನ ಹೆಸರಿನಲ್ಲೇ ಬಿಡುಗಡೆಯಾಗಲಿ. ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಕೊಟ್ರೇಶಿಯಾಗಲಿ. ಆಗ ಕಾಗದದಲ್ಲಿ ಕೊಟ್ರೇಶಿ ಸತ್ತಿದ್ದಾನೆ, ಓಣಿಯಲ್ಲಿ ಬದುಕಿದ್ದಾನೆ.

ಸಿಕ್ಕಿಬೀಳುವುದು ಎಲ್ಲಿ ಎಂದು ಕೇಳಿದ್ದೀರಿ. ಬಾಯಲ್ಲಿ. ಎರಡರ್ಥದಲ್ಲೂ. ದಾವಣಗೆರೆಯವ ‘ಮನ್ಯಾಗ ಅದಾನೆ’ ಅಂದಾನು, ಹಿರಿಯೂರಿನವ ‘ಮನೇಲವ್ನೆ’ ಅನ್ನುತ್ತಾನೆ. ಐದು ವರ್ಷ ಫೌಜಿನ ಹಿಂದೂಸ್ತಾನಿಯಲ್ಲಿ ಮಾತಾಡಿ ನಾಲಿಗೆ ಕೆಟ್ಟಿದೆ ಎಂಬ ನೆಪ ಒಂದಷ್ಟು ತಿಂಗಳು ನಡೆದೀತು. ಊಟಕ್ಕೆ ಆ ನೆಪ ಇಲ್ಲ. ಜೋಳದ ರೊಟ್ಟಿಯ ಮನೆಯಲ್ಲಿ ಅಪರೂಪಕ್ಕೆ ಮುದ್ದೆ ಮಾಡಿದ ದಿನ ನೋಡಿ: ಇವನು ಬೆರಳಲ್ಲಿ ತುಂಡು ಮುರಿದು, ಹೆಬ್ಬೆಟ್ಟಿನಿಂದ ನಡುವೆ ಗುಳಿ ಒತ್ತಿ, ಅದರಲ್ಲಿ ಸಾರು ತುಂಬಿಸಿ ಅಗಿಯದೆ ನುಂಗುತ್ತಾನೆ. ಎದುರು ಕೂತ ತಾಯಿ ಏನೂ ಮಾತಾಡಬೇಕಿಲ್ಲ. ತನ್ನ ಮಗ ಮುದ್ದೆಯನ್ನು ಅಗಿದು ಅಗಿದು ಬೈಸಿಕೊಳ್ಳುತ್ತಿದ್ದನೆಂದು ಅಧ್ಯಾಯ ಎರಡರಲ್ಲೇ ಒಂದು ಸಾಲು ಹಾಕಿಡಿ.

ಪ್ರಶ್ನೆ: 1943ರಲ್ಲಿ ನಾಯಕ ರಜೆ ಮುಗಿಸಿ ಹೋಗುವಾಗ ನಾಯಕಿ ಚಿಕ್ಕಜಾಜೂರು ಸ್ಟೇಷನ್ನಿಗೆ ಬರಬೇಕು, ತಪ್ಪಿಹೋಗಬೇಕು. ಗಾಡಿ ಬೇಗ ಹೊರಟಿತು ಅಂತ ಬರೆದರೆ ಸಾಕೇ?
— ಹೊಳಲ್ಕೆರೆ

ಉತ್ತರ: ಬೇಗ ಹೊರಡುವ ಗಾಡಿ ಕಥೆಗಾರನ ಗಾಡಿ. ನಿಮಗೆ ಅದಕ್ಕಿಂತ ಗಟ್ಟಿ ಕಾರಣವಿದೆ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ರೈಲು ಓಡಿದ್ದು ಆ ಯುದ್ಧದ ಟೈಮಿಗೆ, ಹಳ್ಳಿ ಎದ್ದದ್ದು ಹೊತ್ತು ನೋಡಿ.

ಲೆಕ್ಕ ಹಾಕಿ ನೋಡಿ. ನಮ್ಮ ಗಡಿಯಾರದ ರೇಖೆ ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯದು. ದಾವಣಗೆರೆ, ಚಿಕ್ಕಜಾಜೂರು ಸುಮಾರು 76ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನೆತ್ತಿಯ ಮೇಲೆ ಸೂರ್ಯ ಬರುವುದು ಸರಾಸರಿ 12 ಗಂಟೆ 26 ನಿಮಿಷಕ್ಕೆ. ಯುದ್ಧದ ಟೈಮಿನಲ್ಲಿ ಅದೇ 1 ಗಂಟೆ 26 ನಿಮಿಷ. ‘ಮಧ್ಯಾಹ್ನ ಒಂದು ಗಂಟೆ ಗಾಡಿ’ ಎಂದು ಅವನು ಹೇಳಿಹೋದ. ನೆತ್ತಿಯ ಮೇಲೆ ಹೊತ್ತು ಬಂದ ಮೇಲೂ ಇನ್ನಷ್ಟು ಸಮಯ ಇದೆ ಎಂದು ಅವಳು ನಡೆದು ಬಂದಳು. ಗಾಡಿ ಆಗಲೇ ಹೋಗಿತ್ತು.

ಇಲ್ಲಿ ಹಲವರು ತಿರುಗುಮುರುಗು ಮಾಡುತ್ತಾರೆ: ಹೊತ್ತು ನೋಡಿ ಬರುವವಳು ತಡವಾಗುತ್ತಾಳೆಯೇ ಹೊರತು ಬೇಗ ಬಂದು ಕಾಯುವುದಿಲ್ಲ. ಅವಳನ್ನು ಕಾಯಿಸಬೇಕೆಂದಿದ್ದರೆ 1945ರ ಅಕ್ಟೋಬರ್ ಮಧ್ಯಕ್ಕೆ ಕಥೆಯನ್ನು ಒಯ್ಯಿರಿ. ಗಡಿಯಾರ ಹಿಂದಕ್ಕೆ ಹೋದ ಸುದ್ದಿ ತಲುಪದ ವಾರ ಅದು.

ಗಾಡಿ ಮೀಟರ್‌ಗೇಜಿನದು. ಚಿತ್ರದುರ್ಗದಿಂದ ಬಂದವರು ಬೆಂಗಳೂರಿಗಾಗಲಿ ಹುಬ್ಬಳ್ಳಿಗಾಗಲಿ ಹೋಗಲು ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಬೇಕಿತ್ತು. ನಿಮ್ಮ ಆಯ್ಕೆ ಸರಿಯಾಗಿಯೇ ಇದೆ.

ಪ್ರಶ್ನೆ: ಸಿಂಗಪುರದಲ್ಲಿ ಸೆರೆಯಾದವನು ಮೂರು ವರ್ಷ ಬರೆದ ಪ್ರೇಮಪತ್ರಗಳ ಕಟ್ಟನ್ನು ಅವನ ಅಪ್ಪ ಟ್ರಂಕಿನಲ್ಲಿ ಬಚ್ಚಿಡುತ್ತಾನೆ. ಸರಿಯೇ? ಅವನ ಸುದ್ದಿಯಿಲ್ಲದೆ ಏಳು ವರ್ಷ ಕಳೆದರೆ ಹೆಂಡತಿ ಬೇರೆ ಮದುವೆಯಾಗಬಹುದು ಅನ್ನುತ್ತಾರೆ, ಅದೂ ಹೌದೇ?
— ಜಗಳೂರು

ಉತ್ತರ: ಕಟ್ಟು ಇರಲು ಸಾಧ್ಯವಿಲ್ಲ. ಜಪಾನಿಯರ ಸೆರೆಯಲ್ಲಿದ್ದವರಿಗೆ ಬರೆಯಲು ಸಿಕ್ಕಿದ್ದು ಬೆರಳೆಣಿಕೆಯ ಕಾರ್ಡು. ಅದರಲ್ಲೂ ‘ಚೆನ್ನಾಗಿದ್ದೇನೆ’ ಎಂಬಂಥ ಅಚ್ಚಾದ ಸಾಲುಗಳೇ ಹೆಚ್ಚು. ಊರಿನಿಂದ ಅವರಿಗೆ ಬರೆಯುವ ಪತ್ರಕ್ಕೂ ಒಂದು ಹಂತದಿಂದ 25 ಪದಗಳ ಮಿತಿ ಬಂತು. ಒಂದೇ ಒಂದು ಕಾರ್ಡು ಸಾಕು. ಅಚ್ಚಾಗಿರುವುದು ಇಂಗ್ಲಿಷಿನಲ್ಲಿ. ಅಪ್ಪನಿಗೆ ಓದಿಹೇಳಿದವರು ಯಾರು? ಶಾಲೆ ಮೇಷ್ಟರೋ ಪೋಸ್ಟ್ ಮಾಸ್ತರರೋ ಇರಬೇಕು. ಹಾಗಾದರೆ ಗುಟ್ಟು ಮನೆಯ ಹೊರಗೂ ಒಬ್ಬರಿಗೆ ಗೊತ್ತು.

ಏಳು ವರ್ಷದ ಮಾತಿಗೆ ಇದೇ ಕಾರ್ಡು ಅಡ್ಡ ಬರುತ್ತದೆ. 1872ರ ಸಾಕ್ಷ್ಯ ಕಾಯಿದೆಯ 108ನೇ ಕಲಮಿನ ಪ್ರಕಾರ, ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಬರುತ್ತಿತ್ತೋ ಅವರಿಗೆ ಏಳು ವರ್ಷ ಸುದ್ದಿಯಿಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕಿತ್ತು. ಎಣಿಕೆ ಕಾಣೆಯಾದ ದಿನದಿಂದಲ್ಲ, ಕೊನೆಯ ಸುದ್ದಿಯಿಂದ. ಅವಳು 1942ರಿಂದ ಎಣಿಸಿ 1949ಕ್ಕೆ ಮುಗಿಯಿತು ಅಂದುಕೊಳ್ಳುತ್ತಾಳೆ. ಟ್ರಂಕಿನಲ್ಲಿರುವ ಕಾರ್ಡು 1944ರದಾದರೆ ಅಪ್ಪನ ಮಟ್ಟಿಗೆ ಲೆಕ್ಕ 1951ಕ್ಕೆ. ನಡುವಿನ ಎರಡು ವರ್ಷದಲ್ಲಿ ಅವಳ ಮದುವೆ ಆಗಿಬಿಟ್ಟರೆ ಮುದುಕ ಬಾಯಿ ಬಿಡುವ ಹಾಗಿಲ್ಲ, ಬಿಡದೆ ಇರುವ ಹಾಗೂ ಇಲ್ಲ.

ಎರಡನೇ ಮದುವೆಯ ಅಪರಾಧಕ್ಕೆ ದಂಡ ಸಂಹಿತೆಯ 494ನೇ ಕಲಮಿನಲ್ಲೂ ಏಳು ವರ್ಷದ ವಿನಾಯಿತಿ ಇತ್ತು, ಒಂದು ಷರತ್ತಿನೊಂದಿಗೆ: ತಾಳಿ ಕಟ್ಟಿಸಿಕೊಳ್ಳುವ ಮುಂಚೆ ಹೊಸ ಗಂಡನಿಗೆ ಸಂಗತಿಯನ್ನೆಲ್ಲ ಹೇಳಿರಬೇಕು. ಹೇಳಿದಳೇ? ಈ ಒಂದು ಸಂಭಾಷಣೆ ನಿಮ್ಮ ಕರಡಿನಲ್ಲಿ ಇಲ್ಲ. ನಮ್ಮ ಭಾಗದ ಎಷ್ಟೋ ಸಮುದಾಯಗಳಲ್ಲಿ ಇಂಥ ಮದುವೆ ಸೀರುಡಿಕೆಯಾಗಿ, ಅಂದರೆ ಸೀರೆ ಉಡಿಸಿ ಮಾಡುವ ಮರುಮದುವೆಯಾಗಿ, ಸದ್ದಿಲ್ಲದೆ ನಡೆಯುತ್ತಿತ್ತು. ಓಲಗ, ದಿಬ್ಬಣ ಎಂದು ಬರೆದಿರುವುದನ್ನು ತೆಗೆಯಿರಿ.

ಪ್ರಶ್ನೆ: ನಾಯಕ 1942ರ ಚಳವಳಿಯಲ್ಲಿ ತಲೆಮರೆಸಿಕೊಂಡು ಹೆಸರು ಬದಲಿಸುತ್ತಾನೆ. ದಾವಣಗೆರೆ ಜಿಲ್ಲೆಯ ತಹಶೀಲ್ದಾರರು ಅವನನ್ನು ಹುಡುಕಿಸುತ್ತಾರೆ. ಅವನು ಎಲ್ಲಿಗೆ ಹೋಗಬಹುದು?
— ಹರಿಹರ

ಉತ್ತರ: ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅಂದು ಅದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ಅಲ್ಲಿದ್ದವರು ಅಮಲ್ದಾರರು. ನಿಮ್ಮೂರಿನ ಹೊಳೆ ದಾಟಿದರೆ ಬೊಂಬಾಯಿ ಪ್ರಾಂತ್ಯ, ಅಲ್ಲಿ ಮಾಮಲೇದಾರ. ಉತ್ತರಕ್ಕೆ ಹರಪನಹಳ್ಳಿಗೆ ಹೋದರೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ನಿಮ್ಮ ತಹಶೀಲ್ದಾರರು ಇದ್ದದ್ದು ಅಲ್ಲಿ. ಊರ ಲೆಕ್ಕ ಬರೆಯುವವನೂ ಹಾಗೆಯೇ: ಇಲ್ಲಿ ಶಾನುಭೋಗ, ಅಲ್ಲಿ ಕುಲಕರ್ಣಿ, ಇನ್ನೊಂದು ಕಡೆ ಕರಣಂ. ಒಂದು ದಿನದ ನಡಿಗೆಯಲ್ಲಿ ಮೂರು ಸರ್ಕಾರ, ಮೂರು ದಫ್ತರ. ತಲೆಮರೆಸಿಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಭೂಗೋಳ ಬೇಕೇ? ಅವನ ಭಯಕ್ಕೂ ಕಾರಣವಿತ್ತು, ಪಕ್ಕದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ಅದೇ ಚಳವಳಿಯ ಸಂಬಂಧ 1943ರ ಮಾರ್ಚಿನಲ್ಲಿ ಗಲ್ಲಿಗೆ ಹಾಕಿದರು.

ಅವನು 1942ರಲ್ಲಿ ಪ್ರಿಯತಮೆಗೆ ತೂತಿನ ಕಾಸು ಕೊಟ್ಟು ಹೋಗುತ್ತಾನೆ ಎಂದಿದ್ದೀರಿ. ನಡುವೆ ತೂತಿರುವ ಕಾಸು ಬಂದದ್ದು 1943ರಲ್ಲಿ. ಒಂದು ವರ್ಷ ಮುಂದಕ್ಕೆ ಹಾಕಿ, ಇಲ್ಲವೇ ಬೆಳ್ಳಿ ರೂಪಾಯಿ ಕೊಡಿಸಿ. 1940ರ ಹೊತ್ತಿಗೆ ಹೊಸ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ. ಹಳೆಯದನ್ನು ಜನ ಬಚ್ಚಿಡುತ್ತಿದ್ದರು, ಕೊಟ್ಟವನ ಮನಸ್ಸು ತಿಳಿಯುವುದು ಅದು ಯಾವ ರೂಪಾಯಿ ಎಂಬುದರಲ್ಲಿ.

ಪ್ರಶ್ನೆ: ನಮ್ಮ ಮುತ್ತಜ್ಜ ಮಲಯಾಕ್ಕೆ ಹೋದವರು ಬರಲಿಲ್ಲ. ಕಥೆಗಲ್ಲ, ನಿಜಕ್ಕೂ ಹುಡುಕಬೇಕು. ಎಲ್ಲಿಂದ ಶುರು ಮಾಡಲಿ?
— ಚಳ್ಳಕೆರೆ

ಉತ್ತರ: ಮೊದಲು ಸಂಸ್ಥಾನದ ಪಲ್ಟನ್ನೋ, ಬೆಂಗಳೂರಿನ ಮದರಾಸು ಸ್ಯಾಪರ್ಸ್‌ನಂಥ ಬ್ರಿಟಿಷ್ ಭಾರತೀಯ ಸೈನ್ಯವೋ ತಿಳಿದುಕೊಳ್ಳಿ, ದಾಖಲೆಗಳ ದಾರಿ ಬೇರೆ ಬೇರೆ. ಮನೆಯಲ್ಲಿ ಹಳೆಯ ಮನಿಯಾರ್ಡರ್ ಕೂಪನ್ನೋ ಕಾರ್ಡೋ ಇದ್ದರೆ ಅದರ ಮೇಲಿನ ನಂಬರು ಹೆಸರಿಗಿಂತ ಬೆಲೆಬಾಳುವಂಥದ್ದು.

ಆಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿ ನೋಡಿ, ದುಡ್ಡು ಕೊಡಬೇಕಿಲ್ಲ. ಸಮಾಧಿ ಸಿಗದವರ ಹೆಸರು ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಕಂಬಗಳ ಮೇಲಿದೆ, ಅಲ್ಲಿ 24,000ಕ್ಕೂ ಮಿಕ್ಕಿ ಹೆಸರುಗಳಿವೆ. ಹಲವರ ಹೆಸರಿನ ಜೊತೆ ತಂದೆ ಅಥವಾ ಹೆಂಡತಿಯ ಹೆಸರು, ಊರು ಇರುತ್ತದೆ. ಹೆಸರಿನ ಕಾಗುಣಿತವನ್ನು ನಂಬಬೇಡಿ. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬಂದಿರಲಿಕ್ಕಿಲ್ಲ, ತಿಪ್ಪೇಸ್ವಾಮಿಯನ್ನು ನಾಲ್ಕು ಬಗೆಯಲ್ಲಿ ಬರೆದು ಹುಡುಕಿ. ಸಿಗದಿದ್ದರೆ ಹೆಸರನ್ನು ಬಿಟ್ಟು ಊರಿನಿಂದ ಹುಡುಕಿ. ಈಗಿನ ಹಾಗೆ ‘ಚಿತ್ರದುರ್ಗ’ ಎಂದು ಬರೆದರೆ ಸಿಗದೆ ಹೋಗಬಹುದು. ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ನಿಮ್ಮ ಜಿಲ್ಲೆಯ ಹೆಸರು ‘ಚಿತಲ್‌ದ್ರುಗ್’.