ಸತ್ತ ಯೇಸು ಮತ್ತೆ ಎದ್ದದ್ದು ದೇಹಸಮೇತವೋ, ಆತ್ಮವಾಗಿಯೋ?

ಕ್ರೈಸ್ತರಲ್ಲೇ ಒಮ್ಮತವಿಲ್ಲ. ಕಥೋಲಿಕ, ಆರ್ಥೊಡಾಕ್ಸ್ ಮತ್ತು ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳ ಬೋಧನೆ: ಸಮಾಧಿಯಲ್ಲಿಟ್ಟ ಅದೇ ದೇಹ ಎದ್ದಿತು, ಆದರೆ ರೂಪಾಂತರಗೊಂಡು. ಯೇಸುವೇ ಸಾವಿನಿಂದ ಎಬ್ಬಿಸಿದ ಲಾಜರನಂತೆ ಮತ್ತೆ ಸಾಯುವ ಬದುಕಿಗೆ ಮರಳಿದ್ದಲ್ಲ. ಬೈಬಲಿನ ಲೂಕ 24ರಲ್ಲಿ ಯೇಸು ಕೈಕಾಲು ತೋರಿಸಿ, ತನಗೆ ಮಾಂಸ, ಎಲುಬು ಇವೆ ಎಂದು ಹೇಳಿ ಮೀನು ತಿನ್ನುತ್ತಾನೆ. ಯೋಹಾನ 20ರಲ್ಲಿ ಬಾಗಿಲು ಮುಚ್ಚಿದ್ದರೂ ಒಳಗೆ ಬಂದು ನಿಲ್ಲುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು.

'ಯೆಹೋವನ ಸಾಕ್ಷಿಗಳು' ಎಂಬ ಪಂಗಡದ ಪ್ರಕಾರ ಯೇಸು ಎದ್ದದ್ದು ಆತ್ಮಜೀವಿಯಾಗಿ. ಶಿಷ್ಯರಿಗೆ ಕಂಡದ್ದು ತಾತ್ಕಾಲಿಕವಾಗಿ ತಾಳಿದ ದೇಹ. ಅವರ ಮುಖ್ಯ ಆಧಾರ, ಯೇಸು ಶರೀರದಲ್ಲಿ ಸತ್ತು ಆತ್ಮದಲ್ಲಿ ಬದುಕಿಸಲ್ಪಟ್ಟನು ಎನ್ನುವ 1 ಪೇತ್ರ 3:18. ಇನ್ನು ಬುಲ್ಟ್‌ಮನ್‌ರಂಥ 20ನೇ ಶತಮಾನದ ದೇವಶಾಸ್ತ್ರಜ್ಞರಿಗೆ ಪುನರುತ್ಥಾನವೆಂದರೆ ಶಿಲುಬೆಯ ಅರ್ಥ ಸಾರುವ ನಂಬಿಕೆ, ಹೆಣ ಎದ್ದ ಘಟನೆಯಲ್ಲ.

ಹೆಚ್ಚಿನವರು ಎಡವುವುದು ಅಪೊಸ್ತಲ ಪೌಲನ ಪತ್ರವಾದ 1 ಕೊರಿಂಥ 15:44ರ 'ಆತ್ಮಿಕ ದೇಹ'ದಲ್ಲಿ. ಅದನ್ನು 'ದೇಹವಿಲ್ಲದ ಆತ್ಮ' ಎಂದು ಓದಿಬಿಡುತ್ತಾರೆ. ಆದರೆ ಈಗಿನ ದೇಹಕ್ಕೆ ಪೌಲ ಬಳಸುವ ಗ್ರೀಕ್ ಪದ 'ಪ್ಸೂಖಿಕೋನ್', ಪ್ರಾಣ ಎಂಬರ್ಥದ 'ಪ್ಸೂಖೆ'ಯಿಂದ ಬಂದದ್ದು. ಈ ದೇಹ ಪ್ರಾಣದಿಂದ ಮಾಡಿದ್ದಲ್ಲ, ಪ್ರಾಣದಿಂದ ನಡೆಯುವಂಥದ್ದು. ಅದೇ ಅಳತೆಗೋಲು ಹಿಡಿದರೆ 'ಆತ್ಮಿಕ ದೇಹ'ವೆಂದರೆ ದೇವರಾತ್ಮದಿಂದ ನಡೆಯುವ ದೇಹ. ನನಗೆ ಈ ಓದೇ ಬಲವಾಗಿ ಕಾಣುತ್ತದೆ. ಆದರೂ ಅದೇ ಅಧ್ಯಾಯದ 50ನೇ ವಚನದ 'ರಕ್ತಮಾಂಸವು ದೇವರ ರಾಜ್ಯಕ್ಕೆ ಬಾಧ್ಯವಾಗದು' ಎಂಬ ಮಾತನ್ನು ಎದುರುಪಕ್ಷ ಮುಂದಿಡುತ್ತದೆ. ಅದಕ್ಕೆ ಕೊಡುವ ಉತ್ತರ, ಅಲ್ಲಿ ರಕ್ತಮಾಂಸವೆಂದರೆ ನಶಿಸುವ ಮಾನವ ಸ್ಥಿತಿ ಎಂದು.